ವರಸೆ ಇಲ್ಲದವಳ ಸ್ಕೂಟರು

ಶಿವಮೊಗ್ಗದಲ್ಲಿ ನಮ್ಮ ಕಡೆಯವರ ಒಂದು ಮದುವೆ ಇತ್ತು. ಜಗಳೂರಿನಿಂದ ನಸುಕಿನಲ್ಲೇ ಹೊರಟು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂತವಳು ಎಂದಿನಂತೆ ನಿದ್ದೆ ಹೋದೆ. ಬಸ್ಸಿನ ನಿದ್ದೆ ನನಗೆ ಮನೆಯ ನಿದ್ದೆಗಿಂತ ರುಚಿ. ಹೊನ್ನಾಳಿಯ ಸೇತುವೆ ಯಾವಾಗ ಬಂತೋ, ಹೊಳೆ ಯಾವಾಗ ದಾಟಿದೆವೋ ತಿಳಿಯಲಿಲ್ಲ. ನ್ಯಾಮತಿ ಹತ್ತಿರ ಬರುವಾಗ ಮುಂದಿನ ಸೀಟಿನವರು ಕಿಟಕಿಯ ಗಾಜು ಸರಿಸಿದರು. ಕೊಯ್ದ ಭತ್ತದ ವಾಸನೆ ಒಳಗೆ ಬಂತು. ಇಬ್ಬನಿಯಲ್ಲಿ ನೆನೆದ ಹುಲ್ಲು, ಗದ್ದೆಯ ಕೆಸರು, ಎಲ್ಲೋ ಒಲೆ ಹೊತ್ತಿಸಿದ ಹೊಗೆ, ಎಲ್ಲ ಸೇರಿದ ವಾಸನೆ. ನಮ್ಮ ಜಗಳೂರಿನ ಗಾಳಿಯೇ ಬೇರೆ. ಅಲ್ಲಿ ಒಣಗಿದ ಮೆಕ್ಕೆಜೋಳದ ದಂಟು, ಕಾದ ಮಣ್ಣು. ಈ ವಾಸನೆ ಮೂಗಿಗೆ ತಾಗಿದ ಕೂಡಲೇ ನನ್ನ ಎರಡೂ ಕೈ ತಾವಾಗಿಯೇ ಬಿಗಿಯಾದವು, ಸ್ಕೂಟರಿನ ಹ್ಯಾಂಡಲ್ಲು ಹಿಡಿದ ಹಾಗೆ.

ಅದು ನನ್ನ ಹೆದರಿಕೆಯ ವಾಸನೆ. ಎಷ್ಟು ಚೆನ್ನಾಗಿತ್ತು! "ಬೇವಿನಮರ ಇಳಿಯೋರು ಯಾರ್ರೀ" ಎಂದು ಕಂಡಕ್ಟರ್ ಕೂಗಿದ್ದೇ ತಡ, ಎದ್ದು ಇಳಿದುಬಿಟ್ಟೆ. ಮುಹೂರ್ತ ತಪ್ಪಿದರೂ ಊಟ ತಪ್ಪಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಸ್ಸು ಹೋಯಿತು. ಮರ ಇದ್ದಲ್ಲೇ ಇತ್ತು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ.

ನನ್ನ ಮೊದಲ ಕೆಲಸ ಹೊನ್ನಾಳಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ಮನೆ ಮಾಡಿದ್ದು ಮಾತ್ರ ನ್ಯಾಮತಿಯಲ್ಲಿ. ಯಾಕೆ ಎಂದು ಕೇಳಿದವರಿಗೆ ಬಾಡಿಗೆ, ನೀರು ಎಂದೆಲ್ಲ ಹೇಳುತ್ತಿದ್ದೆ. ನಿಜ ಏನೆಂದರೆ, ಮನೆ ನೋಡಲು ಹೋದ ದಿನ ಅಡುಗೆಮನೆಯ ಕಿಟಕಿ ತೆಗೆದರೆ ಎದುರಿಗೇ ಗದ್ದೆ. ಹಸಿರು ಅಷ್ಟು ಹತ್ತಿರಕ್ಕೆ ಬಂದು ನಿಂತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೇರೇನೂ ಕೇಳದೆ ಒಪ್ಪಿಬಿಟ್ಟೆ. ಆಮೇಲೆ ದಿನಾ ಹೊನ್ನಾಳಿಗೆ ಹೋಗಿಬರುವುದು ಹೇಗೆ ಎಂಬ ಯೋಚನೆ ಬಂತು, ಒಂದು ಸ್ಕೂಟರು ಕೊಂಡೆ. ಲೈಸೆನ್ಸು ಸಿಕ್ಕಿತು, ಧೈರ್ಯ ಸಿಗಲಿಲ್ಲ. ಎದುರಿಗೆ ಲಾರಿ ಕಂಡರೆ ಸಾಕು, ಮಣ್ಣಿಗಿಳಿದು ನಿಲ್ಲುತ್ತಿದ್ದೆ. ಮಂಜು ಬಿದ್ದ ದಿನವಂತೂ ಊರಾಚೆಯ ಈ ಬೇವಿನಮರದ ಕೆಳಗೆ ಸ್ಕೂಟರು ನಿಲ್ಲಿಸಿ, ದಾರಿ ಕಾಣುವವರೆಗೆ ಕೂತಿರುತ್ತಿದ್ದೆ. ಮಾಗಿಯಲ್ಲಿ ಅಲ್ಲಿ ಮಂಜು ಬೀಳದ ದಿನವೇ ಇರಲಿಲ್ಲ ಎನ್ನಿ.

ಹಾಗಾಗಿ ಆ ಮರದ ಕೆಳಗೆ ನಡೆದದ್ದಕ್ಕೆಲ್ಲ ನಾನು ಸಾಕ್ಷಿ.

ಅಲ್ಲಿ ಚನ್ನಜ್ಜಿ ಸೊಪ್ಪು ಮಾರುತ್ತಿದ್ದಳು. ಕೊತ್ತಂಬರಿ, ಮೆಂತ್ಯ, ರಾಜಗಿರಿ, ನೆನೆದ ಗೋಣಿಚೀಲದ ಮೇಲೆ ಒಪ್ಪವಾಗಿ ಜೋಡಿಸಿರುತ್ತಿದ್ದಳು. ತವರು ಸವಳಂಗ, ಕೊಟ್ಟಿದ್ದು ನ್ಯಾಮತಿಗೆ. ಸೊಪ್ಪಿಗಿಂತ ಮಾತು ಹೆಚ್ಚು ಹಸಿ. ಯಾರು ಬಂದರೂ ಮೊದಲು "ಯಾವೂರು ನಿಮ್ದು?" ಎನ್ನುತ್ತಿದ್ದಳು, ಆಮೇಲೆ ಸೊಪ್ಪಿಗೆ ಕೈ ಹಾಕುತ್ತಿದ್ದಳು.

ಬೆಳಗಿನ ಬಸ್ಸಿಗೆ ಕಾಯುವ ಕಾಲೇಜು ಮಕ್ಕಳೂ ಅಲ್ಲೇ ನಿಲ್ಲುತ್ತಿದ್ದರು. ಬಸ್ಸು ಬರುವುದು ಖಂಡಿತ, ನಿಲ್ಲುವುದು ಅನುಮಾನ. ಬಾಗಿಲಲ್ಲಿ ಜನ ಜೋತುಬಿದ್ದಿರುತ್ತಿದ್ದರು. ಹುಡುಗರು ಹೇಗೋ ಒಂದು ಕಾಲಿಟ್ಟು ನೇತಾಡಿಕೊಂಡು ಹೋಗುತ್ತಿದ್ದರು. ಹುಡುಗಿಯರು ಚೀಲ ತಬ್ಬಿಕೊಂಡು ನಿಂತೇ ಇರುತ್ತಿದ್ದರು. ಮುಂದಿನ ಬಸ್ಸು ಬರುವ ಹೊತ್ತಿಗೆ ಕಾಲೇಜಿನಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು.

ಆ ವರ್ಷ ದಸರಾ ಆದಮೇಲೆ ಊರಿನಲ್ಲಿ ಒಂದು ಸಭೆ ಸೇರಿತು. ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು, ತುಂಬ ಚಿಕ್ಕ ವಯಸ್ಸಿನವರು, ಮೈಕು ಹಿಡಿದು ವಿವರಿಸಿದರು. ದಿನಾ ಬೆಳಿಗ್ಗೆ ನ್ಯಾಮತಿಯಿಂದ ಹೊನ್ನಾಳಿಗೆ ಎಷ್ಟೋ ಕಾರು, ವ್ಯಾನು, ಬೈಕುಗಳು ಒಬ್ಬೊಬ್ಬರನ್ನೇ ಹೊತ್ತು ಹೋಗುತ್ತವೆ. ಆ ಖಾಲಿ ಸೀಟನ್ನು ಕಾಲೇಜು ಮಕ್ಕಳಿಗೆ ಕೊಡೋಣ. ಯಾರೂ ಯಾರಿಗೂ ಕಾಸು ಕೊಡಬೇಕಿಲ್ಲ. ಫೋನಿನಲ್ಲಿ ಒಂದು ಆ್ಯಪ್ ಇರುತ್ತದೆ, ಸೀಟು ಇದ್ದವರು ತಿಳಿಸುತ್ತಾರೆ, ಬೇಕಾದ ಮಕ್ಕಳು ಒತ್ತುತ್ತಾರೆ. ಸಂಕ್ರಾಂತಿಯವರೆಗೆ ಪ್ರಯೋಗ, ಆಮೇಲೆ ಮುಂದುವರಿಸಬೇಕೋ ಬೇಡವೋ ಎಂದು ಯೋಚನೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನನ್ನ ಹಿಂದಿನ ಸೀಟನ್ನು ಯಾರಾದರೂ ಕೇಳಿಬಿಟ್ಟರೆ ಎಂಬ ಭಯದಲ್ಲೇ.

ಆಗ ಹಿಂದಿನಿಂದ ಒಬ್ಬರು ಎದ್ದು ನಿಂತರು. ಹಾಲೇಶಪ್ಪ. ಹತ್ತಿರದ ಹಳ್ಳಿಯವರು. ದಿನಾ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ನ್ಯಾಮತಿಗೆ ಬರುತ್ತಿದ್ದರು. ಕ್ಯಾನಿನ ಪಕ್ಕ ಜಾಗವಿಲ್ಲವಾದ್ದರಿಂದ ಮಗಳು ಪವಿತ್ರ ಸೈಕಲ್ಲಿನ ಜೊತೆ ನಡೆದೇ ಬರುತ್ತಿದ್ದಳು. ಅವಳು ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ.

"ಸ್ವಾಮಿ, ನಂದೊಂದು ಮಾತು," ಎಂದರು ಹಾಲೇಶಪ್ಪ. "ನನ್ನ ಮಗಳು ಬಸ್ಸು ಸಿಗದೆ ಎಷ್ಟೋ ದಿನ ವಾಪಸ್ ಬಂದಾಳೆ. ಹಾಜರಿ ಕಮ್ಮಿ ಐತಂತೆ. ಇನ್ನು ತಪ್ಪಿಸಿದ್ರೆ ಪರೀಕ್ಷೆಗೆ ಕೂರಾಕೆ ಬಿಡಲ್ವಂತೆ. ಪ್ರಾಕ್ಟಿಕಲ್ ತಪ್ಪಿದ್ರಂತೂ ವರ್ಷಾನೇ ಹೋತು. ಮನ್ಯಾಗೆ ನಮ್ಮಣ್ಣ ಹೇಳಿಬಿಟ್ಟಾನೆ, ಈ ವರ್ಷ ಮುಗಿಸಿದ್ರೆ ಸರಿ, ಇಲ್ಲಂದ್ರೆ ಸಾಕು ಅಂತ. ಇದರಾಗೆ ಆಕಿಗೆ ಒಂದು ಸೀಟು ಸಿಗ್ತೈತಾ?"

"ಖಂಡಿತ ಸಿಗುತ್ತೆ" ಎಂದರು ಅಧಿಕಾರಿ. ಹಾಲೇಶಪ್ಪ ಕೈ ಮುಗಿದು ಕೂತರು. ಪವಿತ್ರ ತಲೆ ತಗ್ಗಿಸಿಕೊಂಡು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಗ್ರಂಥಾಲಯದಲ್ಲಿ ನಾನು ನೋಡಿದ್ದ ಹುಡುಗಿ. ಪುಸ್ತಕ ತೆಗೆದುಕೊಂಡರೆ ಮೊದಲು ಅದರ ವಾಸನೆ ನೋಡುತ್ತಿದ್ದಳು. ಆ ಒಂದು ಕಾರಣಕ್ಕೇ ನನಗೆ ಇಷ್ಟವಾಗಿದ್ದಳು.

ಪ್ರಯೋಗ ಶುರುವಾಯಿತು. ಗಾಡಿಗಳು ಬೇವಿನಮರದ ಕೆಳಗೆ ಬಂದು ನಿಂತವು. ಹುಡುಗರು ಹಾರಿ ಕೂತು ಹೋದರು. ಹುಡುಗಿಯರು ಕದಲಲಿಲ್ಲ. ಫೋನುಗಳು ಟಿಂಗ್ ಟಿಂಗ್ ಎನ್ನುತ್ತಿದ್ದವು, ಇವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಯಾರ ಗಾಡಿಯೋ, ಯಾರೋ ಏನೋ, ಹತ್ತಿದರೆ ಮನೆಯಲ್ಲಿ ಏನನ್ನುತ್ತಾರೋ. ಗಾಡಿಯವರದೂ ಅದೇ ಪಾಡು. ರುದ್ರಪ್ಪ ಎಂಬವರಿದ್ದರು, ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ, ಮನೆ ನ್ಯಾಮತಿಯಲ್ಲಿ. ಅವರ ವ್ಯಾನಿನಲ್ಲಿ ಒಂದಿಡೀ ತರಗತಿ ಕೂರಬಹುದಿತ್ತು. ವ್ಯಾನು ನಿಲ್ಲಿಸಿ, ಹುಡುಗಿಯರ ಕಡೆ ನೋಡಲೂ ಸಂಕೋಚಪಟ್ಟು, ರಸ್ತೆ ನೋಡುತ್ತ ಕೂತರು. ಒಂದಷ್ಟು ಹೊತ್ತು ಕಾದು ಖಾಲಿ ವ್ಯಾನಿನಲ್ಲೇ ಹೋದರು. ಮರುದಿನವೂ ಇದೇ ಆಯಿತು. ಅದರ ಮರುದಿನವೂ.

ಕೊನೆಗೆ ತಡೆಯಲಾರದೆ ಚನ್ನಜ್ಜಿ ಎದ್ದಳು. ಸೊಪ್ಪಿನ ನೀರು ಸೆರಗಿಗೆ ಒರೆಸಿಕೊಂಡು ವ್ಯಾನಿನ ಕಿಟಕಿಗೆ ಬಂದಳು.

"ಏ ರುದ್ರ, ನೀನು ಸವಳಂಗದೋನು ಅಲ್ಲೇನು? ನಿಮ್ಮವ್ವ ಹೆಂಗಿದಾಳೆ?"

"ಚೆನ್ನಾಗಿದಾಳೆ ಚನ್ನವ್ವ. ಊರಾಗೇ ಇದಾಳೆ, ಬಾ ಅಂದ್ರೆ ಬರಲ್ಲ."

"ಎಲ್ಲಿ ಬರ್ತಾಳೆ. ನಾವಿಬ್ರೂ ಒಂದೇ ಬಾವ್ಯಾಗೆ ನೀರು ಸೇದಿದೋರು." ಅಜ್ಜಿ ಪವಿತ್ರನ ಕಡೆ ತಿರುಗಿದಳು. "ನೀನು ಹಾಲೇಶಪ್ಪನ ಮಗಳು. ನಿಮ್ಮಪ್ಪನ್ನ ಹೆತ್ತಾಕಿ ಯಾವೂರಾಕಿ, ಗೊತ್ತೈತೇನು?"

"ಗೊತ್ತಿಲ್ರಿ ಅಜ್ಜಿ. ನಾನು ಹುಟ್ಟೋಕೆ ಮುಂಚೇನೇ ಹೋಗಿದ್ರು."

"ನನಗೆ ಗೊತ್ತೈತೆ. ಸವಳಂಗದಾಕಿ. ಈ ರುದ್ರನ ಅವ್ವ, ನಿಮ್ಮಪ್ಪನ ಅವ್ವ ಇಬ್ರೂ ಅಕ್ಕ ತಂಗಿ ಆಗಬೇಕು ವರಸೇಲಿ. ಅಂದ್ರೆ ನಿಮ್ಮಪ್ಪಗೆ ಇವನು ಅಣ್ಣ, ನಿನಗೆ ದೊಡ್ಡಪ್ಪ. ದೊಡ್ಡಪ್ಪನ ಗಾಡಿ ಹತ್ತಾಕೆ ಏನು ನಾಚಿಕೆ? ಹತ್ತು."

ವರಸೆ ಎಂದರೆ ಯಾರು ಯಾರಿಗೆ ಏನಾಗಬೇಕು ಎಂಬ ಲೆಕ್ಕ. ರಕ್ತಸಂಬಂಧವೇ ಇರಬೇಕೆಂದಿಲ್ಲ. ಜಾತಿ ಬೇರೆಯಾದರೂ, ನೆಂಟಸ್ತನ ಇಲ್ಲದಿದ್ದರೂ ಊರ ವರಸೆ ಅಂತ ಒಂದಿರುತ್ತದೆ. ರುದ್ರಪ್ಪ ಆ ಮಾತು ಕೇಳಿದ್ದೇ ಮೊದಲ ಸಲ ತಲೆಯೆತ್ತಿ ಪವಿತ್ರನ ಮುಖ ನೋಡಿದರು. ಮುಖದ ಸಂಕೋಚವೆಲ್ಲ ಇಳಿದುಹೋಯಿತು. "ಬಾ ಮಗಳೇ" ಎಂದರು. ಪವಿತ್ರ ಹತ್ತಿದಳು. ಹಿಂದೆಯೇ ಅವಳ ಗೆಳತಿಯರು, ಆಗಲೇ ತಂತಮ್ಮ ಅಜ್ಜಿಯರ ತವರಿನ ಹೆಸರು ಹೇಳುತ್ತ, ಚನ್ನಜ್ಜಿಯನ್ನು ಮುತ್ತಿಕೊಂಡರು.

ಅಂದಿನಿಂದ ಮರದ ಕೆಳಗೆ ದಿನಾ ಬೆಳಿಗ್ಗೆ ಸಂಬಂಧ ಕಟ್ಟುವ ಕೆಲಸ. ಮೊದಲು ವರಸೆ, ಆಮೇಲೆ ಸವಾರಿ. ಅಜ್ಜಿಯ ಲೆಕ್ಕವೆಲ್ಲ ಸವಳಂಗದ ಮೇಲೇ ಹಾದುಹೋಗುತ್ತಿತ್ತು. ಎಷ್ಟು ನಿಜ, ಎಷ್ಟು ಆ ಕ್ಷಣಕ್ಕೆ ಹುಟ್ಟಿದ್ದು, ಯಾರೂ ಕೆದಕಲಿಲ್ಲ. ಒಮ್ಮೆ ಮಾತ್ರ ಎಡವಟ್ಟಾಯಿತು. ಹೊನ್ನಾಳಿಯ ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಂಜುನಾಥ ಎಂಬ ಹುಡುಗ ಹೊಸ ಬೈಕಿನಲ್ಲಿ ಬಂದು ನಿಂತ. ವ್ಯಾನು ಅಂದು ತುಂಬಿತ್ತು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿ, "ನೀನು ರುದ್ರಗೆ ಅಕ್ಕನ ಮಗ ಆಗ್ತೀಯ. ಅಂದ್ರೆ ಪವಿತ್ರಗೆ..." ಎಂದು ನಿಲ್ಲಿಸಿ, ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅತ್ತೆಯ ಮಗ! ಅತ್ತೆಯ ಮಗನ ಬೈಕು ಹತ್ತಿದರೆ ಊರವರು ಓಲಗವನ್ನೇ ಕರೆಸುತ್ತಾರೆ. ಹುಡುಗಿಯರು ಬಿದ್ದುಬಿದ್ದು ನಕ್ಕರು. ಮಂಜುನಾಥ ಕಿವಿಯವರೆಗೆ ಕೆಂಪಾಗಿ ಹೊರಟುಹೋದ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ.

"ಅಜ್ಜಿ, ಮನ್ಯಾಗೆ ಅವ್ವನ್ನ ಕೇಳಿಕೊಂಡು ಬಂದೀನಿ. ನಮ್ಮಪ್ಪನ ಕಡಿಂದ ಲೆಕ್ಕ ಹಿಡಿದ್ರೆ ನಾನು ಈಕಿಗೆ ಅಣ್ಣ ಆಗ್ತೀನಿ. ಆ ಕಡಿಂದಾನೇ ಹಿಡಿರಿ."

"ಆತು, ಅಣ್ಣಾನೇ ಆಗು" ಎಂದಳು ಅಜ್ಜಿ. ಆಮೇಲೆ ಅವನು ಎಲ್ಲ ಹುಡುಗಿಯರಿಗೂ ಅಣ್ಣನಾದ.

ಅಧಿಕಾರಿ ಒಂದು ದಿನ ಪ್ರಯೋಗ ನೋಡಲು ಬಂದರು. ಫೋನು ಒಮ್ಮೆ, ಮರದ ಕೆಳಗಿನ ಗದ್ದಲ ಒಮ್ಮೆ ನೋಡಿದರು. "ಮೇಡಂ, ಆ್ಯಪ್ ಪ್ರಕಾರ ಯಾರೂ ಯಾರ ಗಾಡೀನೂ ಹತ್ತಿಲ್ಲ. ಇಲ್ಲಿ ನೋಡಿದ್ರೆ ನಿಲ್ಲೋಕೆ ಜಾಗ ಇಲ್ಲ" ಎಂದು ನನ್ನನ್ನು ಕೇಳಿದರು. ನಾನು ಚನ್ನಜ್ಜಿಯ ಕಡೆ ಕೈ ತೋರಿಸಿದೆ. ಅವರ ತಾಯಿಯ ತವರನ್ನು ಕೇಳಿ ತಿಳಿದುಕೊಂಡ ಅಜ್ಜಿ ಅವರನ್ನು ನ್ಯಾಮತಿಯ ಅಳಿಯನನ್ನಾಗಿ ಮಾಡಿ, ಒಂದು ಕಟ್ಟು ಮೆಂತ್ಯಸೊಪ್ಪು ಕೊಟ್ಟು ಕಳಿಸಿದಳು.

ಆ ಬೆಳಗುಗಳನ್ನು ನೆನೆದರೆ ಈಗಲೂ ಕಣ್ಣು ತಾನಾಗಿ ಮುಚ್ಚುತ್ತದೆ. ಮಂಜಿನೊಳಗಿಂದ ಮೊದಲು ದೀಪ ಕಾಣುತ್ತಿತ್ತು, ಆಮೇಲೆ ಗಾಡಿ, ಆಮೇಲೆ ಅದರೊಳಗಿನ ಮುಖ. ಮುಖ ಕಾಣುವ ಮೊದಲೇ ಯಾರೋ ಒಬ್ಬಳು "ದೊಡ್ಡಪ್ಪ ಬಂದ್ರು" ಎನ್ನುತ್ತಿದ್ದಳು. ಗದ್ದೆಯಲ್ಲಿ ಭತ್ತ ಹಣ್ಣಾಗುತ್ತಿತ್ತು, ಹಕ್ಕಿ ಓಡಿಸುವವರ ಕೂಗು ಎಲ್ಲಿಂದಲೋ ಬರುತ್ತಿತ್ತು. ಚಿಗಪ್ಪ, ದೊಡ್ಡಪ್ಪ, ಅಣ್ಣ ಎಂಬ ಕರೆಗಳ ಮಧ್ಯೆ ಒಬ್ಬೊಬ್ಬರೇ ಮಂಜಿನೊಳಗೆ ಹೊರಟುಹೋಗುತ್ತಿದ್ದರು. ಕೊನೆಗೆ ನಾನು, ನನ್ನ ಸ್ಕೂಟರು, ಸೊಪ್ಪಿನ ಗೋಣಿ ಉಳಿಯುತ್ತಿದ್ದೆವು.

ನನಗೆ ಮಾತ್ರ ವರಸೆ ಸಿಗಲಿಲ್ಲ. ಅಜ್ಜಿ ಪ್ರಯತ್ನ ಮಾಡಲಿಲ್ಲವೆಂದಲ್ಲ. "ಜಗಳೂರು ಅಂದ್ರೆ ಎಲ್ಲಿಗೆ ಬರ್ತೈತೆ? ನಿಮ್ಮವ್ವನ ತವರು? ನಿಮ್ಮಜ್ಜಿದು?" ಎಂದು ಕೇಳುತ್ತ ಕೇಳುತ್ತ ಹಿಂದಕ್ಕೆ ಹೋಗುತ್ತಿದ್ದಳು. ನಮ್ಮವರದೆಲ್ಲ ಜಗಳೂರಿನ ಸುತ್ತಮುತ್ತಲೇ. ಹೊಳೆಯ ಈ ಕಡೆಗೆ ಕೊಟ್ಟಿದ್ದೂ ಇಲ್ಲ, ತಂದಿದ್ದೂ ಇಲ್ಲ. "ನಿಮ್ಮೋರು ಒಬ್ರಾದ್ರೂ ಸವಳಂಗದ ಕಡೆ ಬರಬಾರ್ದಿತ್ತೇನು" ಎಂದು ನನ್ನ ಮೇಲೇ ರೇಗುತ್ತಿದ್ದಳು. ಅಧಿಕಾರಿಗೂ ಸಂಬಂಧ ಕಟ್ಟಿದವಳು ನನಗೆ ಯಾಕೆ ಒಂದು ಸುಳ್ಳು ಹೇಳಬಾರದು ಎಂದು ನಾನು ಯೋಚಿಸುತ್ತಿದ್ದೆ. ಬಾಯಿಬಿಟ್ಟು ಕೇಳಲು ನಾಚಿಕೆ. ಎಲ್ಲರಿಗೂ ನಾನು ಮೇಡಂ. ಗೌರವಕ್ಕೆ ಕೊರತೆಯಿಲ್ಲ, ಆದರೆ ಮರದ ಕೆಳಗೆ ಅಷ್ಟು ಜನ ನೆಂಟರ ನಡುವೆ ಮೇಡಂ ಆಗಿ ಕೂರುವುದು ಬೇಜಾರು. ನನ್ನ ಸ್ಕೂಟರು ಹತ್ತುವವರೂ ಇರಲಿಲ್ಲ. "ಮೇಡಂ ಗಾಡಿ ಹತ್ತಿದ್ರೆ ಪರೀಕ್ಷೆ ಮುಗಿದ ಮೇಲೆ ಹೋಗ್ತೀವಿ" ಎಂದು ಹುಡುಗಿಯರು ನನಗೆ ಕೇಳುವಂತೆಯೇ ಪಿಸುಗುಡುತ್ತಿದ್ದರು. ನಾನೂ ನಗುತ್ತಿದ್ದೆ. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವುದನ್ನು ನೆನೆದರೇ ಮೈ ಬೆವರುತ್ತಿತ್ತು.

ಪವಿತ್ರನ ಹಾಜರಿ ಕೂಡಿತು. ಕೊಯ್ಲು ಶುರುವಾದ ವಾರ ಪ್ರಾಕ್ಟಿಕಲ್ ಪರೀಕ್ಷೆ ಬಂತು, ಮರದ ಕೆಳಗಿನ ಹುಡುಗಿಯರಲ್ಲಿ ಅಂದು ಅವಳೊಬ್ಬಳದೇ ಸರದಿ.

ಆ ಬೆಳಿಗ್ಗೆ ಮಂಜು ಎಂದಿಗಿಂತ ದಟ್ಟವಾಗಿತ್ತು. ಮರದ ಹತ್ತಿರ ಬಂದರೆ ಅಜ್ಜಿ ಸೊಪ್ಪು ಹರಡಿರಲಿಲ್ಲ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು. ಅತ್ತ ಕಣ್ಣು.

"ರುದ್ರನ ಅವ್ವ ಹೋದ್ಲು ಕಣಮ್ಮ," ಎಂದಳು. "ಬೆಳಗಿನ ಜಾವ. ನನ್ನ ಜೊತೆ ನೀರು ಸೇದಿದಾಕಿ."

ರುದ್ರಪ್ಪನ ವ್ಯಾನು ಆಗಲೇ ಸವಳಂಗಕ್ಕೆ ಹೋಗಿತ್ತು. ಮಂಜುನಾಥನೂ ಯಾರನ್ನೋ ಕೂರಿಸಿಕೊಂಡು ಹೋಗಿದ್ದ. ದಿನಾ ಹೊನ್ನಾಳಿಗೆ ಹೋಗುತ್ತಿದ್ದ ಗಾಡಿಗಳೆಲ್ಲ ಅಂದು ಮೂತಿ ತಿರುಗಿಸಿ ಸವಳಂಗದ ದಾರಿ ಹಿಡಿದಿದ್ದವು. ಯಾಕೆಂದರೆ ಒಂದು ಮಾಗಿಯಲ್ಲಿ ಅಜ್ಜಿ ಎಲ್ಲರನ್ನೂ ಆ ಮನೆಗೆ ನೆಂಟರನ್ನಾಗಿ ಮಾಡಿಬಿಟ್ಟಿದ್ದಳು. ನೆಂಟರಾದ ಮೇಲೆ ಮಣ್ಣಿಗೆ ಹೋಗದಿರುವುದು ಹೇಗೆ? ಊರ ಆಟೋಗಳೂ ಉಳಿದಿರಲಿಲ್ಲ.

ಅಷ್ಟರಲ್ಲಿ ಹಾಲೇಶಪ್ಪ ಸೈಕಲ್ಲು ತಳ್ಳಿಕೊಂಡು ಬಂದರು. ಕ್ಯಾನು ಇರಲಿಲ್ಲ. ಜೊತೆಯಲ್ಲಿ ಪವಿತ್ರ, ಕೈಯಲ್ಲಿ ರೆಕಾರ್ಡ್ ಪುಸ್ತಕ, ಮಡಿಸಿದ ಬಿಳಿ ಕೋಟು. ಅತ್ತೂ ಅತ್ತೂ ಮುಖ ಊದಿತ್ತು. ಬೆಳಗಿನ ಬಸ್ಸು ಬಂತು, ನಿಲ್ಲದೆ ಹೋಯಿತು. ನಾಲ್ವರೂ ಅದರ ಹಿಂದಿನ ಕೆಂಪು ದೀಪ ಮಂಜಿನಲ್ಲಿ ಕರಗುವುದನ್ನು ನೋಡಿದೆವು.

"ಹೆಂಗೂ ಗಾಡಿ ಇಲ್ಲ," ಎಂದರು ಹಾಲೇಶಪ್ಪ, ಯಾರ ಮುಖವನ್ನೂ ನೋಡದೆ. "ಇದ್ದಿದ್ರೂ ಕಳಿಸಾಕೆ ಆಗ್ತಿರಲಿಲ್ಲ. ದಿನಾ ಮಗಳೇ ಅಂತ ಕರ್ಕೊಂಡು ಹೋದ ಮನುಷ್ಯ. ಅವರ ತಾಯಿ ಹೋಗ್ಯಾರೆ. ವರಸೇಲಿ ಈಕಿಗೆ ಅಜ್ಜಿ. ಮುಖ ನೋಡದೆ ಪರೀಕ್ಷೆಗೆ ಹೋದ್ಲು ಅಂದ್ರೆ ಏನು ಚೆನ್ನಾಗಿರ್ತೈತೆ? ನಡಿ ಪವಿತ್ರ, ಸವಳಂಗಕ್ಕೆ ಹೋಗೋಣ."

"ಅಪ್ಪಾ..." ಎಂದಳು ಪವಿತ್ರ. ಈ ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದು ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ಚನ್ನಜ್ಜಿ ಎದ್ದು ನಿಂತಳು. ಅಷ್ಟು ದಿನ ಯಾರ ಮುಂದೆಯೂ ತಗ್ಗದ ತಲೆ ತಗ್ಗಿತ್ತು.

"ಹಾಲೇಶಪ್ಪ, ಇಲ್ಲಿ ಕೇಳು. ನಿನ್ನ ಮಗಳಿಗೂ ಆ ಮನಿಗೂ ಏನೂ ಇಲ್ಲ. ನಾನು ಕಟ್ಟಿದ್ದು. ನಿಮ್ಮವ್ವ ಯಾವೂರಾಕಿ ಅಂತ ನನಗೆ ಗೊತ್ತೇ ಇಲ್ಲ. ಹುಡುಗಿ ಚಳ್ಯಾಗೆ ನಿಂತಿದ್ದು ನೋಡಾಕೆ ಆಗಲಿಲ್ಲ, ಬಾಯಿಗೆ ಬಂದಂಗೆ ಅಂದುಬಿಟ್ಟೆ. ಪಾಪ ಬಂದ್ರೆ ನನಗೆ ಬರಲಿ. ಈಕಿನ್ನ ಪರೀಕ್ಷೆಗೆ ಕಳಿಸು."

ಹಾಗಾದರೆ ಇಷ್ಟು ದಿನ ನನ್ನ ಮಗಳು ಯಾರ ಗಾಡಿ ಹತ್ತಿದ್ದಳು ಎಂದು ಅವರು ಕೇಳಿದರೆ ಅಜ್ಜಿ ಏನೆನ್ನಬೇಕು? ಹಾಲೇಶಪ್ಪ ಸೈಕಲ್ಲನ್ನು ಮರಕ್ಕೆ ಒರಗಿಸಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನಮ್ಮವ್ವ ತ್ಯಾವಣಿಗಿ ಕಡೆಯಾಕಿ, ಚನ್ನವ್ವ. ಚನ್ನಗಿರಿ ತಾಲೂಕು. ಸವಳಂಗ ಅವಳು ಕಣ್ಣಾಗೂ ನೋಡಿರಲಿಲ್ಲ. ನೀನು ಸುಳ್ಳು ಹೇಳಿದ್ದು ನನಗೆ ಮೊದಲನೇ ದಿನಾನೇ ಗೊತ್ತಾತು."

"ಗೊತ್ತಿದ್ದೂ ಸುಮ್ನಿದ್ದೆಯೇನು?"

"ಮಗಳು ಕಾಲೇಜಿಗೆ ಹೋಗ್ಲಿ ಅಂತ ಇತ್ತಲ್ಲ. ಮನ್ಯಾಗೆ ನಮ್ಮಣ್ಣಗೂ ಅದನ್ನೇ ಹೇಳಿದೆ, ಅವ್ವ ಸವಳಂಗದ ವರಸೆಯಾಕಿ ಅಂತ. ಅವ್ವ ಎಲ್ಲಿಯಾಕಿ ಅಂತ ಅವನಿಗೂ ಗೊತ್ತು, ಆದ್ರೂ ಒಪ್ಪಿದ. 'ದೊಡ್ಡಪ್ಪ'ನ ಗಾಡಿ ಅಂತ ಬಾಯಿ ಮುಚ್ಚಿಕೊಂಡ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಗೊತ್ತಿದ್ದೇ ಒಪ್ಪಿಕೊಂಡ ಮೇಲೆ ಅದು ಇನ್ನು ಸುಳ್ಳು ಹೆಂಗಾಗ್ತೈತೆ ಚನ್ನವ್ವ? ರುದ್ರಪ್ಪ ನನಗೆ ಅಣ್ಣಾನೇ. ನಾನು ಹೋಗಿ ಮಣ್ಣು ಹಾಕಿ ಬರ್ತೀನಿ, ಈಕಿ ಪಾಲಿಂದೂ ಹಾಕ್ತೀನಿ. ಈಕಿ ಹೋಗ್ಲಿ. ಆದ್ರೆ ಹೆಂಗೆ ಹೋಗ್ತಾಳೆ?"

ಎಲ್ಲರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

ಆ ಊರಿನಲ್ಲಿ ಅಂದು ಮಣ್ಣಿಗೆ ಹೋಗಬೇಕಿಲ್ಲದ ಗಾಡಿ ಒಂದೇ ಒಂದು, ನನ್ನದು. ಯಾರಿಗೂ ಏನೂ ಆಗದವಳ ಸ್ಕೂಟರು. "ಮೇಡಂ," ಎಂದರು ಹಾಲೇಶಪ್ಪ, ಕೈ ಮುಗಿದು, "ಕರ್ಕೊಂಡು ಹೋಗ್ತೀರೇನ್ರಿ?" ನನಗೆ ಬರುವುದಿಲ್ಲ, ಈ ಮಂಜಿನಲ್ಲಿ ನನಗೇ ದಾರಿ ಕಾಣುವುದಿಲ್ಲ ಎಂದೆಲ್ಲ ಹೇಳಬೇಕೆಂದಿದ್ದೆ. "ಹತ್ತು" ಎಂದುಬಿಟ್ಟೆ.

ಆ ದಾರಿಯನ್ನು ನಾನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದೇನೋ. ಎದುರಿಗೆ ಬಿಳಿ, ಎರಡೂ ಕಡೆ ಬಿಳಿ. ರಸ್ತೆ ನಮ್ಮ ಚಕ್ರದ ಮುಂದೆ ಒಂದಿಷ್ಟೇ ಹುಟ್ಟಿ, ಹಿಂದೆ ಅಳಿಸಿಹೋಗುತ್ತಿತ್ತು. ಕೊಯ್ದ ಭತ್ತದ ವಾಸನೆ, ಪವಿತ್ರನ ತಲೆಯ ಹರಳೆಣ್ಣೆಯ ವಾಸನೆ. ಅವಳು ನನ್ನ ಸೊಂಟ ಹಿಡಿದುಕೊಂಡು ಮೆಲ್ಲಗೆ ಹೇಳುತ್ತಿದ್ದಳು: "ಈಗ ತಿರುವು ಬರ್ತೈತ್ರಿ ಮೇಡಂ. ಈಗ ಕಾಲುವೆ ಸೇತುವೆ. ಎಡಕ್ಕೇ ಇರ್ರಿ." ವ್ಯಾನಿನ ಕಿಟಕಿಯಲ್ಲಿ ಕೂತು ಕೂತು ಅವಳಿಗೆ ದಾರಿಯೆಲ್ಲ ಬಾಯಿಪಾಠವಾಗಿತ್ತು. ಒಂದು ಕಡೆ ಲಾರಿಯ ಹಾರ್ನು ಕೇಳಿಸಿತು. ಎಂದಿನಂತೆ ಮಣ್ಣಿಗಿಳಿಯಲು ಹೊರಟೆ. "ನಿಲ್ಲಿಸಬ್ಯಾಡ್ರಿ ಮೇಡಂ, ಹಂಗೇ ಹೋಗ್ರಿ" ಎಂದಳು. ನಿಲ್ಲಿಸಲಿಲ್ಲ. ಲಾರಿ ಪಕ್ಕದಲ್ಲೇ ಹೋಯಿತು, ಅದರ ಗಾಳಿ ನಮ್ಮಿಬ್ಬರನ್ನೂ ಒಮ್ಮೆ ಅಲುಗಿಸಿತು, ಅಷ್ಟೇ. ನಾನು ಜೋರಾಗಿ ನಕ್ಕುಬಿಟ್ಟೆ.

ಅವಳು ಹಿಂದೆ ಅಳುತ್ತಿದ್ದಳು.

"ಯಾಕೆ ಪವಿತ್ರ, ಪರೀಕ್ಷೆ ಹೆದರಿಕೇನಾ?"

"ಅಲ್ರಿ. ಆ ಅಜ್ಜಿನ್ನ ನಾನು ಒಂದ್ಸಲಾನೂ ನೋಡಿಲ್ಲ. ದೊಡ್ಡಪ್ಪ ದಿನಾ ವ್ಯಾನಿನಾಗೆ ಹೇಳೋರು, ನಮ್ಮವ್ವ ಹಂಗೆ, ನಮ್ಮವ್ವ ಹಿಂಗೆ, ಒಂದ್ಸಲ ಕರ್ಕೊಂಡು ಹೋಗ್ತೀನಿ ಅಂತ. ನನಗೆ ಏನೂ ಆಗ್ಬೇಕಿಲ್ಲ ಅಂತ ಈಗ ಗೊತ್ತಾತಲ್ಲ, ಆದ್ರೂ ಅಳು ನಿಲ್ಲವಲ್ದು."

ಹೊನ್ನಾಳಿ ಹತ್ತಿರವಾಗುತ್ತಿದ್ದಂತೆ ಹೊಳೆಯ ಕಡೆಯಿಂದ ಬಿಸಿಲು ಬಂತು. ಪ್ರಯೋಗಾಲಯದ ಬಾಗಿಲು ಮುಚ್ಚುವ ಮೊದಲು ಅವಳು ಬಿಳಿ ಕೋಟು ಹಾಕಿಕೊಳ್ಳುತ್ತಲೇ ಒಳಗೆ ಓಡಿದಳು. ಸ್ಟ್ಯಾಂಡು ಹಾಕಿ ಕೆಳಗಿಳಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಕಾರ್ಯವೆಲ್ಲ ಮುಗಿದ ಮೇಲೆ ರುದ್ರಪ್ಪನ ವ್ಯಾನು ಮತ್ತೆ ಮರದ ಕೆಳಗೆ ಬಂತು. ತಲೆ ಬೋಳಿಸಿದ್ದರು. ಅಜ್ಜಿ ಒಪ್ಪಿಕೊಂಡ ಮಾತು ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು, ಅವರ ಕಿವಿಗೂ ಬಿದ್ದಿರಲೇಬೇಕು. ಪವಿತ್ರ ಹತ್ತಲೋ ಬೇಡವೋ ಎಂದು ನಿಂತಿದ್ದಳು. ಅವರು ಬಾಗಿಲು ಸರಿಸಿ, ಎಂದಿನ ದನಿಯಲ್ಲೇ, "ಬಾ ಮಗಳೇ, ಹೊತ್ತಾತು" ಎಂದರು. ಅಷ್ಟೇ. ಚನ್ನಜ್ಜಿ ಕೊತ್ತಂಬರಿಗೆ ನೀರು ಚಿಮುಕಿಸುತ್ತ ಬೇರೆ ಕಡೆ ತಿರುಗಿಕೊಂಡಳು.

ಸಂಕ್ರಾಂತಿ ಆದಮೇಲೆ ಮತ್ತೆ ಸಭೆ ಸೇರಿತು. ಆ್ಯಪ್‌ನಲ್ಲಿ ತೋರಿಸಲು ಏನೂ ಇರಲಿಲ್ಲ, ಇನ್ನೊಂದು ವರ್ಷ ನೋಡೋಣ ಎಂದು ಅಧಿಕಾರಿ ಎದ್ದರು. ಬೇಸಿಗೆಯಲ್ಲಿ ನನಗೆ ನಮ್ಮೂರಿಗೇ ವರ್ಗವಾಯಿತು. ಹೊರಡುವ ದಿನ ಮರದ ಹತ್ತಿರ ಹೋದೆ. "ನಿನಗೊಂದು ವರಸೆ ಹುಡುಕಿಕೊಡಾಕೆ ಆಗಲಿಲ್ಲ ನನ್ನ ಕೈಲಿ" ಎಂದು ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಸುಳ್ಳೇ ಹೇಳಬಹುದಿತ್ತಲ್ಲ ಅಜ್ಜಿ" ಎಂದೆ, ಕೊನೆಗೂ. "ಹೇಳ್ತಿದ್ದೆ. ಕೇಳಿಕೊಂಡು ಒಪ್ಪೋರು ಬೇಕಲ್ಲ ಆ ಕಡೆ" ಎಂದಳು. ಪವಿತ್ರ ಪಾಸಾಗಿದ್ದಳು. "ಹೋಗಿಬರ್ರಿ ಮೇಡಂ" ಎಂದಳು. ಮೇಡಂ ಎಂದೇ.

ಇದೆಲ್ಲ ನೆನೆಯುತ್ತ ಇವತ್ತು ಎಷ್ಟು ಹೊತ್ತು ನಿಂತಿದ್ದೆನೋ. ಸೊಪ್ಪಿನ ಜಾಗದಲ್ಲಿ ಈಗ ಒಂದು ಎಳನೀರಿನ ಗಾಡಿ. ಚನ್ನಜ್ಜಿ ಎಲ್ಲಿ ಎಂದು ಕೇಳಿದೆ. ಹೋಗಿ ಎರಡು ಮಳೆಗಾಲವಾಯಿತು ಎಂದರು. ಮಣ್ಣಿಗೆ ಎಷ್ಟು ಜನ ಸೇರಿದ್ದಿರಬಹುದು! ನನಗೆ ಹೇಳಿಕಳಿಸಲು ಯಾರಿದ್ದರು, ನಾನು ಅವಳಿಗೆ ಏನಾಗಬೇಕು ಎಂದು ಮನಸ್ಸು ಹಿಂಡಿತು.

ಹೊನ್ನಾಳಿ ಕಡೆಯಿಂದ ಒಂದು ಸ್ಕೂಟರು ಬಂದು ನನ್ನ ಪಕ್ಕದಲ್ಲಿ ನಿಂತಿತು. ಇಪ್ಪತ್ತರ ಆಸುಪಾಸಿನ ಹುಡುಗಿ.

"ಎಲ್ಲಿಗೆ ಹೋಗ್ಬೇಕ್ರಿ?"

"ಶಿವಮೊಗ್ಗಕ್ಕಮ್ಮ. ಬಸ್ಸಿಗೆ ನಿಂತಿದೀನಿ."

"ಬಸ್ಸು ಇಲ್ಲಿ ನಿಲ್ಲಿಸ್ತಾರೆ ಅಂತ ಹೇಳಾಕೆ ಬರಲ್ರಿ. ನಾನು ಸವಳಂಗದ ಮಟ ಹೋಗ್ತೀನಿ, ಅಲ್ಲಿ ಸಿಗ್ತೈತೆ. ಯಾವೂರ್ರಿ ನಿಮ್ದು?"

"ಜಗಳೂರು" ಎಂದೆ. ಹೇಳುವಾಗ ಹಳೆಯ ಅಳುಕೇ ಬಂತು, ಈ ಹೆಸರು ಇಲ್ಲಿ ಯಾವ ಲೆಕ್ಕಕ್ಕೂ ಸೇರುವುದಿಲ್ಲವೆಂದು.

ಹುಡುಗಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನನ್ನನ್ನು ಸರಿಯಾಗಿ ನೋಡಿದಳು.

"ಜಗಳೂರೇನ್ರಿ? ನಮ್ಮೂರಾಗೆ ಪವಿತ್ರಕ್ಕ ಅಂತ ಇದಾಳೆ, ಹಾಲೇಶಜ್ಜನ ಮಗಳು. ಈಗ ಚನ್ನಗಿರೀಲಿ ಹೈಸ್ಕೂಲ್ ಟೀಚರು. ಆಕಿ ಚಿಗವ್ವ ಒಬ್ರು ಜಗಳೂರಾಗೆ ಇದಾರಂತ್ರಿ, ಲೈಬ್ರರೀಲಿ. ಊರಿಗೆ ಬಂದಾಗೆಲ್ಲ ಹೇಳ್ತಿರ್ತಾಳೆ, ನಮ್ಮ ಚಿಗವ್ವ ನನ್ನ ಮಂಜಿನಾಗೆ ಕರ್ಕೊಂಡು ಹೋದ್ಲು ಅಂತ. ನಿಮಗೆ ಗೊತ್ತೇನ್ರಿ ಅವರು?"

ಚಿಗವ್ವ. ಚಿಕ್ಕಮ್ಮ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

"ಗೊತ್ತಮ್ಮ. ಆ ಚಿಗವ್ವ ನಾನೇ."

"ಅಯ್ಯೋ, ಹಂಗಾದ್ರೆ ನಮಗೂ ಚಿಗವ್ವಾನೇ ಆದ್ರಲ್ರೀ!" ಎಂದಳು ಹುಡುಗಿ. ಸೀಟಿನಲ್ಲಿ ಮುಂದಕ್ಕೆ ಸರಿದು ಜಾಗ ಮಾಡಿದಳು. "ಹತ್ತು ಚಿಗವ್ವ."